ನರ್ಸಮ್ಮನ ಎರಡು ಗುಂಡು

ಹೋದ ವಾರ ಮೈಸೂರಿನ ನಮ್ಮ ಬೀದಿಯ ಅಂಗಡಿಯಲ್ಲಿ ಮೈಸೋಪು ಕೇಳಿದೆ. ನಾನು ಯಾವಾಗಲೂ ಕೊಳ್ಳುವ ಸೋಪು ಮುಗಿದಿತ್ತು. ಅಂಗಡಿಯವನು ಕೆಂಪು ಕಾರ್ಬಾಲಿಕ್ ಸೋಪೊಂದನ್ನು ಕೈಗಿತ್ತು, "ಇದೂ ಒಳ್ಳೇದೇ ಅಮ್ಮ, ಮೂಸಿ ನೋಡಿ" ಎಂದ. ಮೂಸಿದೆ. ಸೋಪು ಎಡಗೈಯಲ್ಲಿತ್ತು. ಏನೂ ಹಿಡಿದಿರದ ಬಲಗೈ ತಾನಾಗಿ ಬಿಗಿದುಕೊಂಡಿತು. ಬೆರಳುಗಳು ಬಟ್ಟಲಿನಂತೆ ಬಾಗಿ, ಯಾವುದನ್ನೋ ಒತ್ತಿ ಹಿಡಿದ ಹಾಗೆ ನಿಂತವು.

"ಕೈ ಹಿಡ್ಕೊಳ್ತಾ? ವಾತ ಇರಬೇಕು" ಎಂದ ಅವನು. ಇರಬೇಕು ಎಂದು ನಾನೂ ಹೇಳಿ ಹೊರಟುಬಂದೆ. ವಾತವಲ್ಲ. ಆ ವಾಸನೆಗೆ ನನ್ನ ಕೈ ಹೀಗೆ ಮಾಡುವುದು ಇದೇ ಮೊದಲೂ ಅಲ್ಲ. ಮನಸ್ಸು ಮರೆತ ದಿನಗಳಲ್ಲೂ ಕೈ ಮರೆತಿಲ್ಲ...

ಆ ವಾಸನೆ ನಮ್ಮ ಕಡೆಯ ಹೆರಿಗೆ ನರ್ಸಮ್ಮನದು. ಬಿಳಿ ಸೀರೆ, ಕಪ್ಪು ಕೊಡೆ, ಬಟ್ಟೆಯ ಬೂಟು, ಹೆಗಲಿಗೊಂದು ಚೀಲ. ಚೀಲದಲ್ಲಿ ಕತ್ತರಿ, ದಾರ, ಹತ್ತಿ, ಒಂದೆರಡು ಔಷಧಿ ಬಾಟಲಿ, ಮತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಕೆಂಪು ಸೋಪು. ಗೇಟಿನ ಹತ್ತಿರ ಅವರು ಕಾಣುವ ಮೊದಲೇ ಸೋಪಿನ ವಾಸನೆ ಬರುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಅದು ಉತ್ಪ್ರೇಕ್ಷೆ. ಆದರೆ ಮನೆಯೊಳಗೆ ಬಂದವರೇ ಮೊದಲು ಬಿಸಿನೀರು ಕೇಳಿ, ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆಯುತ್ತಿದ್ದದ್ದು ನಿಜ. ಅದನ್ನು ನೋಡಲೆಂದೇ ನಾನು ಹೋಗಿ ನಿಲ್ಲುತ್ತಿದ್ದೆ.

ಅವರು ಮಂಗಳೂರಿನ ಕಡೆಯವರು, ಕ್ರೈಸ್ತರು. ಮದುವೆಯಾಗಿದ್ದರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆಗಿನ್ನೂ ಬ್ರಿಟಿಷರ ಕಾಲ. ಸುತ್ತಿನ ಏಳೆಂಟು ಊರಿಗೆ ಕಲಿತ ದಾದಿ ಅಂತ ಇದ್ದವರು ಅವರೊಬ್ಬರೇ. ಬಿಟ್ಟಂಗಾಲದ ಹತ್ತಿರ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಮನೆ ಅಲ್ಲಿಂದ ಎರಡು ಮೈಲು ಒಳಗೆ. ಮನೆಯಲ್ಲಿ ನಾವಾಡುತ್ತಿದ್ದದ್ದು ಕೊಡವ ತಕ್ಕ್. ಅವರು ಬಂದೊಡನೆ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದೆವು. ಕೈಯಾಲೆ ಎಂಬ ಮುಂಜಗಲಿಯ ಹಲಗೆಯ ಮೇಲೆ ದಿನವಿಡೀ ಕುಳಿತಿರುತ್ತಿದ್ದ ಅಜ್ಜನೂ ಅಷ್ಟೆ. ಅಜ್ಜನಿಗೆ ಅವರೊಡನೆ ಜಗಳವಾಡುವುದೆಂದರೆ ಬಲು ಇಷ್ಟ.

ಜಗಳದ ವಿಷಯ ಒಂದೇ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ನಡುವೆ ಗದ್ದೆಯ ಬಯಲು, ಬಯಲಿನಾಚೆ ಕಾಫಿ ತೋಟ, ಅದರಾಚೆ ಇನ್ನೊಬ್ಬರ ಮನೆ. ಹಾಗಾಗಿ ಸುದ್ದಿ ಹೇಳುವುದು ಕೋವಿಯ ಕೆಲಸ. ಗಂಡು ಹುಟ್ಟಿದರೆ ಒಂದು ಗುಂಡು. ಯಾರಾದರೂ ಸತ್ತರೆ ಬೆನ್ನುಬೆನ್ನಿಗೆ ಎರಡು. ಒಂದು ಕೇಳಿದರೆ ಜನ ತಲೆಯೆತ್ತಿ, ನಕ್ಕು, ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಎರಡು ಕೇಳಿದರೆ ಮನೆಗೊಬ್ಬನಾದರೂ ಕತ್ತಿ, ಹಗ್ಗ ಹಿಡಿದು ಬರಲೇಬೇಕು. ಜಗಳವಾಗಿ ಮಾತು ಬಿಟ್ಟವನೂ ಬರಬೇಕು. ಹೆಣ್ಣು ಹುಟ್ಟಿದರೆ ಮಾತ್ರ ನಮ್ಮ ಮನೆಯಲ್ಲಿ ಕೋವಿ ಮುಟ್ಟುತ್ತಿರಲಿಲ್ಲ. ಕಂಚಿನ ತಟ್ಟೆಯೊಂದನ್ನು ತಂದು ಬಡಿಯುತ್ತಿದ್ದರು.

"ಎಂತ ಅಜ್ಜ, ಹೆಣ್ಣಿಗೆ ಒಂದು ಗುಂಡು ಹಾರಿಸಿದರೆ ಮದ್ದು ಖರ್ಚಾಗಿ ಹೋಗ್ತದಾ?"

"ತಟ್ಟೆ ಉಂಟಲ್ಲ ನರ್ಸಮ್ಮ. ಕಂಚಿಂದು. ಎಷ್ಟು ಒಳ್ಳೆ ಶಬ್ದ ಬರ್ತದೆ."

"ಬರ್ತದೆ, ಬರ್ತದೆ. ಅಡಿಗೆಮನೆಯ ಬೆಕ್ಕಿಗೆ ಕೇಳ್ತದೆ."

ಅಜ್ಜ ಹೊಟ್ಟೆ ಕುಲುಕುವಂತೆ ನಗುತ್ತಿದ್ದರು. ನಕ್ಕರೇ ಹೊರತು ಒಪ್ಪಲಿಲ್ಲ. ನರ್ಸಮ್ಮನೂ ಕೇಳುವುದು ಬಿಡಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೆ ಕೇಳುತ್ತಿದ್ದರಂತೆ. ಹೆಣ್ಣು ಹೆತ್ತವಳು ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಅವರೇ ಆ ತಟ್ಟೆ ಕಿತ್ತುಕೊಂಡು ಅಂಗಳಕ್ಕೆ ಹೋಗಿ ಬಡಿದದ್ದೂ ಉಂಟು.

ತೋಟದ ಕೂಲಿಯವರ ಲೈನಿನಲ್ಲಿ ಹೆರಿಗೆಯಾದರೂ ಅವರು ಇದೇ ಚೀಲ, ಇದೇ ಸೋಪು ಹಿಡಿದು ಬರುತ್ತಿದ್ದರು. ಹೆತ್ತವಳನ್ನು ಒಂದು ತಿಂಗಳು ಕಾಫಿ ಹಣ್ಣು ಕೀಳುವ ಪಿಕ್ಕಿಂಗಿಗೆ ಕರೆಯಬಾರದು ಎಂದು ಅವರ ಹಟ. ತೋಟದ ಲೆಕ್ಕ ನೋಡುವ ನಮ್ಮ ರೈಟರಿಗೆ ಅದು ತಲೆನೋವು. ಒಮ್ಮೆ ಕಣದ ಹತ್ತಿರ ಅವರನ್ನು ಅಡ್ಡಹಾಕಿ, "ಸರಿಯಾಗಿ ಪಿಕ್ಕಿಂಗ್ ಟೈಮಿಗೇ ಎಲ್ಲರೂ ಹೆತ್ತರೆ ಹೇಗೆ ನರ್ಸಮ್ಮ?" ಎಂದರು.

"ಅದನ್ನು ನೀವು ಏಪ್ರಿಲ್‌ನಲ್ಲಿ ಗಂಡಸರಿಗೆ ಹೇಳಬೇಕಿತ್ತು ರೈಟರೇ. ಜನವರಿಯಲ್ಲಿ ನನಗೆ ಹೇಳಿ ಎಂತ ಪ್ರಯೋಜನ?"

ಕಣದಲ್ಲಿ ಕಾಫಿ ಹರಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ರೈಟರು ಮತ್ತೆ ಆ ಮಾತು ಎತ್ತಲಿಲ್ಲ.

ನಾನಾಗ ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಊರಿನಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ಎಂಬ ಹೆಮ್ಮೆ ಮನೆಯವರಿಗೆ. ನನಗೆ ಇನ್ನೂ ಹೆಚ್ಚು. ನರ್ಸಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಓ ಕಾಲೇಜು" ಎನ್ನುತ್ತಿದ್ದರು. ಅದು ಹಂಗಿಸಿದ್ದೋ ಮೆಚ್ಚಿದ್ದೋ ನನಗೆ ತಿಳಿಯುತ್ತಿರಲಿಲ್ಲ.

ಆ ಜನವರಿಯಲ್ಲಿ ರಜಕ್ಕೆಂದು ಬಂದಿದ್ದೆ. ಅತ್ತಿಗೆಗೆ ದಿನ ತುಂಬಿತ್ತು, ಚೊಚ್ಚಲು. ಅಣ್ಣ ಪಟ್ಟಾಳದಲ್ಲಿದ್ದ, ಎಲ್ಲೋ ಉತ್ತರದಲ್ಲಿ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವತ್ತು ಬೆಳಿಗ್ಗೆ ನಮ್ಮ ಒಂದೇ ಒಂದು ಗಾಡಿ ಕಾಫಿ ಮೂಟೆ ಹೇರಿಕೊಂಡು, ರೈಟರನ್ನೂ ಕೂರಿಸಿಕೊಂಡು ವಿರಾಜಪೇಟೆಗೆ ಹೋಗಿಯಾಗಿತ್ತು. ಲೈನಿನ ಜನರೆಲ್ಲ ಗುಡ್ಡದ ಆಚೆಬದಿಯ ತೋಟದಲ್ಲಿ ಪಿಕ್ಕಿಂಗಿನಲ್ಲಿದ್ದರು. ಮನೆಯಲ್ಲಿ ಉಳಿದವರು ಅಜ್ಜ, ಅವ್ವ, ಅತ್ತಿಗೆ, ನಾನು. ನೋವು ಶುರುವಾಗಬಹುದೆಂದು ಹಿಂದಿನ ದಿನವೇ ಬಂದು ತಂಗಿದ್ದ ನರ್ಸಮ್ಮ.

ಬಾಣಂತಿ ಕೋಣೆಗೆ ಮದುವೆಯಾಗದ ಹುಡುಗಿಯರನ್ನು ಬಿಡುವ ರೂಢಿ ನಮ್ಮಲ್ಲಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನರ್ಸಮ್ಮ ಬಾಗಿಲು ತೆರೆದು, "ಓ ಕಾಲೇಜು, ಕೈ ತೊಳೆದುಕೊಂಡು ಬಾ" ಎಂದರು.

"ಅವಳು ಬೇಡ ನರ್ಸಮ್ಮ, ಹೆದರ್ತಾಳೆ" ಎಂದಳು ಅವ್ವ.

"ಹೆದರಲಿ. ನೀವು ಅಳುತ್ತೀರಿ. ಅಳುವವರಿಗಿಂತ ಹೆದರುವವರು ವಾಸಿ, ಹೇಳಿದಷ್ಟು ಮಾಡ್ತಾರೆ."

ಹೀಗೆ ನಾನು ಒಳಗೆ ಹೋದೆ. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದೆ. ಅತ್ತಿಗೆಯ ತಲೆಯ ಕಡೆ ನಿಂತೆ. ನನಗಿಂತ ಮೂರೇ ವರ್ಷ ದೊಡ್ಡವಳು ಅವಳು. ನನ್ನ ಬಳೆ ಒಡೆಯುವಷ್ಟು ಬಿಗಿಯಾಗಿ ಕೈ ಹಿಡಿದಿದ್ದಳು. ಹನ್ನೊಂದರ ಹೊತ್ತಿಗೆ ಮಗು ಬಂತು. ಹೆಣ್ಣು. ಕೆಂಪಗೆ, ಸಿಟ್ಟಾಗಿ, ಜೋರಾಗಿ ಕೂಗಿತು. ನರ್ಸಮ್ಮ ಹೊಕ್ಕುಳಬಳ್ಳಿ ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟರು. ಮಾಸು ಬಿತ್ತು. ಅದನ್ನು ತಿರುವಿ ಮುರುವಿ ನೋಡಿ, "ಪೂರ್ತಿ ಬಂದಿದೆ" ಎಂದು ತಮಗೇ ಹೇಳಿಕೊಂಡರು. ಎಲ್ಲ ಮುಗಿಯಿತೆಂದು ನಾನಂದುಕೊಂಡೆ. ಅತ್ತಿಗೆ ನಕ್ಕಳು ಕೂಡ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೊಮ್ಮೆ ನಿಧಾನವಾಗಿ, ಒಂದೊಂದೇ ಚಿತ್ರವಾಗಿ. ಆದರೂ ಒಂದು ಕಡೆ ಸದಾ ತಪ್ಪಿಹೋಗುತ್ತದೆ...

ಮೊದಲು ಕಂಡದ್ದು ಚಾಪೆ. ಅತ್ತಿಗೆಯ ಕೆಳಗೆ ಹಾಸಿದ್ದ ಬಿಳಿ ಬಟ್ಟೆ ಕೆಂಪಾಗಿ, ಕೆಂಪು ಅದರ ಅಂಚು ದಾಟಿ ಚಾಪೆಯ ಹೆಣಿಗೆಯೊಳಗೆ ಗೆರೆಗೆರೆಯಾಗಿ ಹರಿಯುತ್ತಿತ್ತು. ಸದ್ದೇ ಇಲ್ಲ. ರಕ್ತಕ್ಕೆ ಸದ್ದಿರುವುದಿಲ್ಲವೆಂದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ನರ್ಸಮ್ಮ ಅತ್ತಿಗೆಯ ಹೊಟ್ಟೆಯ ಮೇಲೆ ಕೈಯಿಟ್ಟು ತಿಕ್ಕತೊಡಗಿದರು. ಬಾಟಲಿಯಿಂದ ಔಷಧಿ ಕುಡಿಸಿದರು. ಮತ್ತೆ ತಿಕ್ಕಿದರು. ನಂತರ ನನ್ನ ಬಲಗೈ ಎಳೆದು, ಹೊಕ್ಕುಳ ಕೆಳಗೆ ಇಟ್ಟು, ತಮ್ಮ ಕೈಯಿಂದ ನನ್ನ ಬೆರಳುಗಳನ್ನು ಬಾಗಿಸಿದರು.

"ಗಟ್ಟಿ ಉಂಡೆ ಸಿಕ್ಕಿತಾ? ಅದು ಗರ್ಭಕೋಶ. ಅದು ಮೆತ್ತಗಾದರೆ ಇವಳು ಹೋದಳು. ತಿಕ್ಕು, ಒತ್ತಿ ಹಿಡಿ. ನಾನು ಹೇಳುವವರೆಗೆ ಕೈ ತೆಗೀಬೇಡ. ಮನೆಗೆ ಬೆಂಕಿ ಬಿದ್ದರೂ ತೆಗೀಬೇಡ."

ಹಿಡಿದೆ. ಅವರು ಎದ್ದು, ಕೈ ಒರೆಸಿಕೊಂಡು, ಬಾಗಿಲು ಅರ್ಧ ತೆರೆದರು. ಕೈಯಾಲೆಯ ಕಡೆ ತಿರುಗಿ, ಮದುವೆಮನೆಯಲ್ಲಿ ಕರೆಯುವಂಥ ಸಂತೋಷದ ದನಿಯಲ್ಲಿ ಕೂಗಿದರು.

"ಅಜ್ಜಾ! ಎರಡು! ಎರಡೂ ಗಂಡು! ಹಾರಿಸಿ ಅಜ್ಜ, ಒಂದಕ್ಕೊಂದು! ಹಾರಿಸಿ ಬೇಗ!"

ಅವ್ವ ತೊಡೆಯ ಮೇಲಿನ ಹೆಣ್ಣುಮಗುವನ್ನು ನೋಡಿದಳು. ನಾನೂ ನೋಡಿದೆ. ಎರಡನೆಯದು ಎಲ್ಲಿ ಎಂದು, ದೇವರಾಣೆ, ಒಂದು ಕ್ಷಣ ನಾನು ಕೋಣೆಯೊಳಗೆ ಹುಡುಕಿದೆ. ಹೊರಗೆ ಅಜ್ಜನ ಊರುಗೋಲು ಬಿದ್ದ ಸದ್ದು. ಆ ವಯಸ್ಸಿನಲ್ಲಿ ಅವರು ಅಷ್ಟು ಬೇಗ ಎದ್ದದ್ದು ಹೇಗೋ! ಬೆಳಿಗ್ಗೆಯಿಂದ ತುಂಬಿಸಿ ಪಕ್ಕದಲ್ಲಿಟ್ಟುಕೊಂಡಿದ್ದ ಜೋಡಿನಳಿಗೆ ಕೋವಿ ಒಮ್ಮೆ ಗುಡುಗಿತು. ಒಂದು ಉಸಿರು ಎಳೆಯುವಷ್ಟರಲ್ಲಿ ಮತ್ತೊಮ್ಮೆ.

ಎರಡು ಗುಂಡು.

ಅವ್ವನಿಗೆ ತಕ್ಷಣ ಅರ್ಥವಾಯಿತು. ಅವಳ ಬಾಯಿಂದ ಬಂದ ಕೂಗನ್ನು ನಾನು ಇಲ್ಲಿ ಬರೆಯಲಾರೆ. "ಬದುಕಿದ್ದಾಳೆ! ಇನ್ನೂ ಬದುಕಿದ್ದಾಳೆ! ಎಂಥ ಮಾಡಿಬಿಟ್ಟಿರಿ!" ಎಂದು ನರ್ಸಮ್ಮನ ತೋಳು ಹಿಡಿದು ಜಗ್ಗಿದಳು. ಅತ್ತಿಗೆ ಕಣ್ಣು ತೆರೆದಳು. ಅವಳ ತುಟಿ ಬೆಳ್ಳಗಾಗಿತ್ತು.

"ನನಗಾ ಅದು?" ಎಂದಳು.

ನರ್ಸಮ್ಮ ಅವಳ ಕೆನ್ನೆಗೆ ಸಣ್ಣದಾಗಿ ತಟ್ಟಿದರು. "ನಿನಗಲ್ಲ ಮಗಳೇ. ಕಣ್ಣು ಮುಚ್ಚಬೇಡ. ನನ್ನ ಮುಖ ಚಂದ ಇಲ್ಲ, ಆದರೂ ನೋಡ್ತಾ ಇರು."

ಜನ ಬರಲು ಎಷ್ಟು ಹೊತ್ತಾಯಿತೋ... ಕಾಲು ಗಂಟೆ ಎಂದು ಆಮೇಲೆ ಹೇಳಿದರು. ಹಗಲು ಹೊತ್ತು, ಪಿಕ್ಕಿಂಗ್ ಕಾಲ. ಎಲ್ಲರೂ ತೋಟದಲ್ಲೇ ಇದ್ದದ್ದರಿಂದ ಗುಂಡು ಕೇಳಿದವರು ಕಾಫಿ ಬುಟ್ಟಿ ಇದ್ದಲ್ಲೇ ಬಿಟ್ಟು ಗದ್ದೆ ಹಾಯ್ದು ಓಡಿಬಂದಿದ್ದರು. ಒಬ್ಬಳನ್ನು ಓಡಿಸಿ ಹೇಳಿಕಳಿಸಿದ್ದರೆ ಒಂದು ಮನೆ ಮುಟ್ಟಿ ಜನ ಕರೆತರುವಷ್ಟರಲ್ಲಿ ಅರ್ಧ ಗಂಟೆ ಆಗುತ್ತಿತ್ತು. ಈಗ ಅಂಗಳದಲ್ಲಿ ಹದಿನೈದಿಪ್ಪತ್ತು ಗಂಡಸರ ಹೆಜ್ಜೆ, ಏದುಸಿರು. ಆಮೇಲೆ ನೆರೆಮನೆಯವರೊಬ್ಬರ ಗಾಬರಿಯ ದನಿ:

"ಅಯ್ಯೋ, ಅಜ್ಜ ಇಲ್ಲೇ ಕೂತಿದ್ದಾರಲ್ಲ! ನಾವು ನಿಮಗೇ ಅಂದ್ಕೊಂಡು ಬಂದದ್ದು!"

"ನಾನು ಸತ್ತಿದ್ದರೆ ಕೋವಿ ಹಾರಿಸುವವ ಯಾರೋ, ಬುದ್ಧಿಗೇಡಿ? ಅವಳಿ ಗಂಡು! ಒಂದಕ್ಕೆ ಒಂದು ಅಂತ..."

ಅಜ್ಜನ ಮಾತು ಅಲ್ಲಿಗೇ ನಿಂತಿತು. ಬಂದವರ ಕೈಯಲ್ಲಿದ್ದ ಕತ್ತಿ, ಹಗ್ಗ ನೋಡಿದಾಗಲೇ ಅವರಿಗೆ ಎಣಿಕೆ ಹೊಳೆದಿರಬೇಕು. ತಾನು ಏನು ಹಾರಿಸಿದೆ, ಊರಿಗೆ ಏನು ಕೇಳಿಸಿತು ಎಂಬುದು.

ನರ್ಸಮ್ಮ ಹೊಸ್ತಿಲಿಗೆ ಬಂದು ನಿಂತರು. ಬಿಳಿ ಸೀರೆಯ ಮುಂಭಾಗವೆಲ್ಲ ಕೆಂಪು. "ಸತ್ತಿಲ್ಲ. ಇನ್ನೊಂದು ಗಂಟೆ ಇಲ್ಲೇ ಇದ್ದರೆ ಸಾಯ್ತಾಳೆ. ಬಿದಿರು ಕಡಿದು ಕಟ್ಟಿ, ರಸ್ತೆಗೆ ಮುಟ್ಟಿಸಬೇಕು."

ಒಬ್ಬರೂ ಅಲುಗಲಿಲ್ಲ. ಅದೇ ನೆರೆಮನೆಯವರು ಹೇಳಿದರು, "ಜೀವ ಇರುವವಳಿಗೆ ಚಟ್ಟ ಕಟ್ಟುವುದಿಲ್ಲ ನರ್ಸಮ್ಮ. ಅದು ನಮ್ಮಿಂದ ಆಗುವುದಿಲ್ಲ."

"ಚಟ್ಟ ಅನ್ನಬೇಡಿ. ತೊಟ್ಟಿಲು ಅಂದುಕೊಂಡು ಕಟ್ಟಿ. ಕಾಲಿನ ಕಡೆ ಎತ್ತರ ಇರಲಿ. ಹ್ಞೂಂ, ಮುಖ ಮುಖ ನೋಡ್ತೀರಲ್ಲ! ಕತ್ತಿ ತಂದದ್ದು ಎಂತಕ್ಕೆ?"

ಮೊದಲು ಕತ್ತಿ ಎತ್ತಿದವರು ಅಜ್ಜ. ನೆರೆಮನೆಯವರ ಕೈಯಿಂದ ಅದನ್ನು ಕಿತ್ತುಕೊಂಡು ಬಿದಿರು ಮೆಳೆಯ ಕಡೆ ತಡವರಿಸುತ್ತ ನಡೆದರು. ಆಗ ಉಳಿದವರೂ ಓಡಿದರು. ಎರಡು ಬಿದಿರು, ನಡುವೆ ಹಗ್ಗದ ಹೆಣಿಗೆ, ಮೇಲೆ ನಮ್ಮ ಮನೆಯ ದಪ್ಪ ಕಂಬಳಿ. ಕಟ್ಟಿ ಕೈ ಪಳಗಿದವರು. ಹತ್ತು ನಿಮಿಷ ಹಿಡಿಯಲಿಲ್ಲ. ಮಗುವನ್ನು ಅವ್ವನ ಬಳಿ ಬಿಟ್ಟು, ಅತ್ತಿಗೆಯನ್ನು ಎತ್ತಿ ಮಲಗಿಸಿದರು. ನನ್ನ ಕೈ ಅವಳ ಹೊಟ್ಟೆಯ ಮೇಲೆಯೇ ಇತ್ತು. ನಾಲ್ಕು ಜನ ಹೊತ್ತರು. ನಾನು ಪಕ್ಕದಲ್ಲಿ, ಆಚೆಬದಿಗೆ ನರ್ಸಮ್ಮ.

ಕೊಯ್ಲಾದ ಗದ್ದೆಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಹೊತ್ತವರು ಓಡುನಡಿಗೆಯಲ್ಲಿ ಹೋಗುತ್ತಿದ್ದರು. ಅವರ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ, ಬಗ್ಗಿಕೊಂಡು, ಒಂದು ಕೈ ಒತ್ತಿ ಹಿಡಿದು ಓಡುವುದೆಂದರೆ... ತೋಳು ಮರಗಟ್ಟಿತು. ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಉಂಡೆ ಗಟ್ಟಿಯಿದೆಯೇ ಎಂದು ಮಾತ್ರ ತಿಳಿಯುತ್ತಿತ್ತು. ಅಷ್ಟು ಬಿಟ್ಟು ಲೋಕದಲ್ಲಿ ಬೇರೇನೂ ಇರಲಿಲ್ಲ ನನಗೆ. ಮದ್ರಾಸಿನಲ್ಲಿ ಓದಿದ್ದ ಯಾವ ಪುಸ್ತಕವೂ ಆ ಎರಡು ಮೈಲಿನಲ್ಲಿ ನನ್ನ ಜೊತೆ ಬರಲಿಲ್ಲ.

ರಸ್ತೆಗೆ ಅರ್ಧ ಮೈಲಿರುವಾಗ ತೋಡು ಬಂತು. ದಾಟಲು ಒಂದೇ ಮರದ ದಿಮ್ಮಿಯ ಪಾಲ. ಒಬ್ಬರ ಹಿಂದೆ ಒಬ್ಬರು ಹೋಗಬಹುದು. ಪಕ್ಕದಲ್ಲಿ ನಡೆಯಲು ಜಾಗವಿಲ್ಲ. ಮುಂದಿದ್ದವರು ಪಾಲದ ಮೇಲೆ ಕಾಲಿಟ್ಟು ನನ್ನ ಕಡೆ ನೋಡಿ, "ನೀನು ಕೈ ಬಿಡು, ಆಚೆ ಹೋಗಿ ಹಿಡಿದರಾಯಿತು" ಎಂದರು.

"ಬಿಡುವ ಹಾಗಿಲ್ಲ" ಎಂದರು ನರ್ಸಮ್ಮ. "ನೀರಿಗೆ ಇಳಿಯಿರಿ ಎಲ್ಲರೂ."

ಇಳಿದರು. ಜನವರಿಯ ನೀರು, ತೊಡೆಮಟ್ಟ, ಐಸಿನಂತೆ. ನಮ್ಮ ಕೊಡವ ಸೀರೆಯ ನೆರಿಗೆ ಹಿಂದಕ್ಕಿರುವುದರಿಂದ ನನಗೆ ಕಷ್ಟವಾಗಲಿಲ್ಲ. ನರ್ಸಮ್ಮನ ಮುಂದಿನ ನೆರಿಗೆ ನೀರಿನಲ್ಲಿ ಉಬ್ಬಿ ಕಾಲಿಗೆ ಸುತ್ತಿಕೊಂಡಿತು. ಅವರು ಎಡವಿದರು. ನಾನು ಅವರ ಕಡೆ ತಿರುಗಿದೆ, ಅಷ್ಟೆ. ಪಾಚಿಗಲ್ಲಿನ ಮೇಲೆ ನನ್ನ ಕಾಲು ಜಾರಿತು, ಕೈ ಕಳಚಿತು.

ಎಷ್ಟು ಹೊತ್ತು? ನಾನು ಮತ್ತೆ ಎದ್ದು ನಿಲ್ಲುವಷ್ಟು. ಮತ್ತೆ ಕೈಯಿಟ್ಟಾಗ ಆ ಉಂಡೆ ಅಲ್ಲಿರಲಿಲ್ಲ. ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗೆ, ಆಕಾರವೇ ಇಲ್ಲದೆ... ಕಂಬಳಿಯ ಕೆಳಗಿನಿಂದ ನೀರಿಗೆ ಕೆಂಪು ಎಳೆ ಇಳಿಯಿತು. ಅತ್ತಿಗೆಯ ತಲೆ ಒಂದು ಬದಿಗೆ ವಾಲಿತು. ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ನರ್ಸಮ್ಮ ನೀರಿನಿಂದ ಮೇಲೆದ್ದು, ನನ್ನ ಕೈಯ ಮೇಲೆ ತಮ್ಮ ಎರಡೂ ಕೈಯಿಟ್ಟು, ತಮ್ಮ ಭಾರವನ್ನೆಲ್ಲ ಅದರ ಮೇಲೆ ಬಿಟ್ಟದ್ದು. ನನ್ನ ಮಣಿಕಟ್ಟು ಲಟಕ್ಕೆಂದಿತು. "ತಿಕ್ಕು. ತಿಕ್ಕು ಕಾಲೇಜು. ಅಳಲಿಕ್ಕೆ ಆಮೇಲೆ ಬೇಕಾದಷ್ಟು ಸಮಯ ಉಂಟು." ನಡುನೀರಿನಲ್ಲಿ, ಹೊತ್ತವರು ಕಲ್ಲಿನಂತೆ ನಿಂತಿದ್ದಾಗ, ನಾವಿಬ್ಬರೂ ತಿಕ್ಕಿದೆವು. ನನ್ನ ಅಂಗೈ ಕೆಳಗೆ ಅದು ಮೆಲ್ಲನೆ, ಬಲು ಮೆಲ್ಲನೆ, ಮತ್ತೆ ಉಂಡೆಗಟ್ಟಿತು.

ರಸ್ತೆಯಲ್ಲಿ ನಮ್ಮವರು ಅಡ್ಡಗಟ್ಟಿ ನಿಂತು ಕಾಫಿ ಲಾರಿಯೊಂದನ್ನು ತಡೆದರು. ಮೂಟೆಗಳ ಮೇಲೆ ಮಲಗಿಸಿಕೊಂಡು ವಿರಾಜಪೇಟೆಯ ಆಸ್ಪತ್ರೆ ಮುಟ್ಟಿದೆವು. ಡಾಕ್ಟರರು ಸೂಜಿಮದ್ದು ಕೊಟ್ಟರು, ಹೊಲಿಗೆ ಹಾಕಿದರು. ಸಂಜೆಯ ಹೊತ್ತಿಗೆ ಹೊರಬಂದು, "ಉಳಿದಳು" ಎಂದರು. ನನ್ನ ಬಲಗೈ ಬಿಚ್ಚಲೇ ಬಾರದು. ನರ್ಸಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಅದನ್ನು ತಮ್ಮ ಮಡಿಲಿನಲ್ಲಿಟ್ಟುಕೊಂಡು, ಒಂದೊಂದೇ ಬೆರಳು ಬಿಡಿಸಿದರು. ಆಗ ಕೇಳಿದೆ, ಅಜ್ಜನಿಗೆ ನಿಜ ಹೇಳಬಹುದಿತ್ತಲ್ಲ ಎಂದು.

"ನಿಜ ಹೇಳಿದ್ದರೆ ಅಜ್ಜ ಕೋವಿ ಮುಟ್ಟುತ್ತಿದ್ದರಾ? ಬದುಕಿದ್ದವಳಿಗೆ ಸಾವಿನ ಗುಂಡಾ ಅಂತ ಕೆಳಗಿಡುತ್ತಿದ್ದರು. ಒಂದು ಹೆಣ್ಣು ಅಂದಿದ್ದರೂ ಮುಟ್ಟುತ್ತಿರಲಿಲ್ಲ. ಎರಡು ಗಂಡು ಅಂದರೆ ಯೋಚನೆ ಮಾಡದೆ ಹಾರಿಸ್ತಾರೆ, ಗೊತ್ತಿತ್ತು." ಕೊನೆಯ ಬೆರಳು ಬಿಡಿಸುತ್ತ, "ಪಾಪ, ಅಜ್ಜನಿಗೆ ಮೋಸ ಆಯ್ತು" ಎಂದರು.

ಊರಿನ ಜನ ಮೊದಮೊದಲು ನಕ್ಕರು. ಅವಳಿ ಗಂಡಿನ ಕಥೆ ಹುದಿಕೇರಿವರೆಗೆ ಹೋಯಿತಂತೆ. ಆಮೇಲೆ ನಗು ಕಡಿಮೆಯಾಯಿತು. ಅವ್ವ ಹಿರಿಯರಿಗೆ ಎಡೆಯಿಟ್ಟು ತಪ್ಪು ಕೇಳಿಕೊಂಡಳು. ನರ್ಸಮ್ಮನಿಗೆ ಕಾಫಿ ಕೊಟ್ಟಳೇ ಹೊರತು ಮುಖ ಕೊಟ್ಟು ಮಾತಾಡಲಿಲ್ಲ. ಸೊಸೆಯನ್ನು ಉಳಿಸಿಕೊಟ್ಟವರೂ ಅವರೇ, ಬದುಕಿದ್ದವಳಿಗೆ ಸಾವಿನ ಗುಂಡು ಹಾರಿಸಿದವರೂ ಅವರೇ. ಎರಡನ್ನೂ ಒಟ್ಟಿಗೆ ನುಂಗಲು ಅವ್ವನಿಂದ ಆಗಲಿಲ್ಲ. ಒಂದು ಮಧ್ಯಾಹ್ನ ಆ ನೆರೆಮನೆಯವರು ಬಂದು, ನಮ್ಮ ಕೈಯಾಲೆಯಲ್ಲೇ ಅವರಿಗೆ ನೇರವಾಗಿ ಹೇಳಿದರು.

"ನೀವು ಮಾಡಿದ್ದು ಒಳ್ಳೆಯದಕ್ಕೇ ನರ್ಸಮ್ಮ, ಇಲ್ಲ ಅನ್ನುವುದಿಲ್ಲ. ಆದರೆ ನಾಳೆ ಯಾರ ಮನೆಯಲ್ಲೋ ನಿಜವಾಗಿ ಸಾವಾಗಿ ಎರಡು ಗುಂಡು ಹಾರಿದರೆ, ಇದೂ ಹಾಗೇ ಇರಬೇಕು ಅಂತ ಜನ ಕೂತುಬಿಟ್ಟರೆ? ಆ ಹೆಣ ಹೊರುವವರು ಯಾರು?"

ನರ್ಸಮ್ಮ ಪಟ್ಟನೆ ಉತ್ತರ ಕೊಡುವವರು. ಅವತ್ತು ಮಾತ್ರ "ಅದು ಸರಿ" ಎಂದರು. ಹೇಳಿ, ಬಟ್ಟಲಿನ ಕಾಫಿ ಮುಗಿಸಿ, ಕೊಡೆ ಬಿಡಿಸಿಕೊಂಡು ಹೊರಟರು. ಅಜ್ಜ ಅವರನ್ನು ಗೇಟಿನವರೆಗೆ ಬಿಟ್ಟುಬಂದರು. ಹಾಗೆ ಬೇರೆ ಯಾರನ್ನೂ ಅವರು ಬಿಟ್ಟುಬಂದದ್ದು ನಾನು ನೋಡಿಲ್ಲ. ಏನು ಮಾತಾಡಿಕೊಂಡರೋ...

ರಜ ಮುಗಿದು ನಾನು ಮದ್ರಾಸಿಗೆ ಹೋದೆ. ಆ ಮಳೆಗಾಲದ ಹೊತ್ತಿಗೆ ಕೆಲವು ಮನೆಗಳವರು ಅವರನ್ನು ಕರೆಯುವುದು ಬಿಟ್ಟಿದ್ದರು. ಯಾರೋ ಮೇಲಕ್ಕೆ ಅರ್ಜಿ ಬರೆದರಂತೆ. ಅವರನ್ನು ಬೇರೆ ಜಿಲ್ಲೆಗೆ ಹಾಕಿದರು. ಅತ್ತಿಗೆಯ ಕಾಗದದ ಕೊನೆಯಲ್ಲಿ ಎರಡು ಸಾಲಿನಲ್ಲಿ ಈ ಸುದ್ದಿ ಇತ್ತು. ವಿಳಾಸ ತಿಳಿದು ಬರೆಯಬೇಕೆಂದುಕೊಂಡೆ. ಪರೀಕ್ಷೆ ಬಂತು, ಮದುವೆ ಬಂತು. ಆ ಎರಡು ಗುಂಡಿನಿಂದ ಅವರು ಕಳೆದುಕೊಂಡದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಅವರು ತಮ್ಮ ಊರಿನ ಕಡೆಯೇ ತೀರಿಕೊಂಡರೆಂದು ಆಸ್ಪತ್ರೆಯ ಹಳೆಯ ಕಂಪೌಂಡರ್ ಒಬ್ಬರ ಬಾಯಿಂದ ಕೇಳಿದೆ. ಆಗಲೇ ತೀರಿಕೊಂಡು ಬಹಳ ದಿನವಾಗಿತ್ತು.

ನನ್ನನ್ನು ಕಾಡುತ್ತ ಬಂದದ್ದು ಒಂದೇ ಪ್ರಶ್ನೆ. ಅವರಿಗೆ ಆ ಉಪಾಯ ಹೊಳೆದದ್ದು ಯಾವಾಗ? ನನ್ನ ಕೈಯನ್ನು ಅತ್ತಿಗೆಯ ಹೊಟ್ಟೆಯ ಮೇಲಿಟ್ಟದ್ದಕ್ಕೂ ಅವರು ಬಾಗಿಲು ತೆರೆದದ್ದಕ್ಕೂ ನಡುವೆ ಹೆಚ್ಚೆಂದರೆ ಏಳೆಂಟು ಹೆಜ್ಜೆ. ನಾನು ಮನಸ್ಸಿನಲ್ಲಿ ಎಷ್ಟು ಸಲ ಆ ಕೋಣೆಗೆ ಹೋದರೂ ತಪ್ಪಿಹೋಗುವುದು ಆ ಜಾಗವೇ. ಆ ಏಳೆಂಟು ಹೆಜ್ಜೆಯಲ್ಲಿ, ಅಂಥ ರಕ್ತದ ನಡುವೆ, ಅಜ್ಜನ ಆಸೆ, ಊರಿನ ರೂಢಿ, ಕೋವಿಯ ಎರಡು ನಳಿಗೆ, ಇಷ್ಟನ್ನೂ ಒಬ್ಬ ಹೆಂಗಸು ಜೋಡಿಸಲು ಸಾಧ್ಯವೇ?

ಸೋಪಿನ ವಾಸನೆ ನೋಡಿದ ಮೂರನೆಯ ದಿನ ಬಸ್ಸು ಹತ್ತಿ ಊರಿಗೆ ಹೋದೆ. ಅತ್ತಿಗೆಗೆ ಈಗ ತಲೆ ಪೂರ್ತಿ ಬಿಳಿ. ಅಂಗಳದಲ್ಲಿ ಕಾಳುಮೆಣಸು ಒಣಹಾಕುತ್ತಿದ್ದಳು. ನಾವಿಬ್ಬರೂ ಆ ದಿನದ ಮಾತನ್ನು ಯಾವತ್ತೂ ಆಡಿದವರಲ್ಲ. ಪಕ್ಕದಲ್ಲಿ ಕುಳಿತು, ಕೇಳಿಯೇಬಿಟ್ಟೆ.

ಅವಳು ಮೆಣಸು ಹರಡುತ್ತಲೇ ಹೇಳಿದಳು. "ಹಿಂದಿನ ದಿನ ಬಂದಾಗಲೇ ಕೇಳಿದ್ದರಲ್ಲ."

"ಏನಂತ?"

"ನನ್ನ ಕಾಲು ಊದಿದೆಯಾ ನೋಡ್ತಾ ಇದ್ದರು. ನೋಡ್ತಾ ನೋಡ್ತಾ ಕೇಳಿದರು, ಅಜ್ಜನ ಕೋವಿ ಒಂಟಿನಳಿಗೆಯಾ ಜೋಡಿಯಾ ಅಂತ. ಜೋಡಿ ಅಂದೆ. 'ಒಳ್ಳೇದಾಯ್ತು' ಅಂದರು. ಪಕ್ಕದ ಮನೆ ಎಷ್ಟು ದೂರ, ಗಾಡಿ ಮನೆಯಲ್ಲಿರ್ತದಾ, ಅದನ್ನೂ ಕೇಳಿದರು. ಇವರಿಗೆ ಯಾಕಪ್ಪ ಇದೆಲ್ಲ ಅಂದುಕೊಂಡೆ."

"ಇಷ್ಟು ವರ್ಷ ನನಗೆ ಹೇಳಲೇ ಇಲ್ಲವಲ್ಲ ಅತ್ತಿಗೆ!"

"ನೀನು ಕೇಳಲೇ ಇಲ್ಲವಲ್ಲ."

ಹಾಗಾದರೆ ಏಳೆಂಟು ಹೆಜ್ಜೆಯಲ್ಲ. ಒಂದು ದಿನ ಮೊದಲು. ಅಥವಾ ನಮ್ಮ ಮನೆಗೆ ಬರುವುದಕ್ಕೂ ಮೊದಲು... ಯಾವುದೋ ಬೇರೆ ಮನೆಯಲ್ಲಿ, ಕರೆದರೂ ಯಾರೂ ಬಾರದೆ ಹೋದ ಯಾವಳ ಪಕ್ಕದಲ್ಲೋ ಅವರು ಒಬ್ಬರೇ ಕುಳಿತಿದ್ದಿರಬೇಕು. ಆಮೇಲೆ ಹೋದ ಮನೆಯಲ್ಲೆಲ್ಲ, ಹರಟೆ ಹೊಡೆಯುತ್ತ, ಅಜ್ಜಂದಿರನ್ನು ನಗಿಸುತ್ತ, ನಳಿಗೆ ಎಷ್ಟೆಂದು ಕೇಳಿ ಇಟ್ಟುಕೊಳ್ಳುತ್ತಿದ್ದಿರಬೇಕು. ಇದು ನನ್ನ ಊಹೆ. ಸರಿಯೋ ತಪ್ಪೋ ಹೇಳಬಲ್ಲವರು ಈಗಿಲ್ಲ.

ಅತ್ತಿಗೆ ಕೈ ಕೊಡವಿ, ನನ್ನ ಕಡೆ ತಿರುಗಿದಳು. "ಅವರನ್ನು ಎಲ್ಲಿ ಮಣ್ಣು ಮಾಡಿದ್ದು? ನಿನಗೆ ಗೊತ್ತಿರಬೇಕಲ್ಲ, ನೀನು ಓದಿದವಳು. ಒಂದು ಸಲ ಹೋಗಿ ಬರುವ."

ನನಗೆ ಗೊತ್ತಿರಲಿಲ್ಲ. ಆ ಕಂಪೌಂಡರನ್ನು ಅಷ್ಟೂ ನಾನು ಕೇಳಿರಲಿಲ್ಲ.